ಕೌದಿ ಕೋಣೆಯ ಎಂಟು ಹಾಡು

ಅವರ ಹುಬ್ಬಿನಲ್ಲಿ ಯಾವಾಗಲೂ ಕಲ್ಲಿನ ಪುಡಿ ಇರುತ್ತಿತ್ತು. ಎರಡು ಸಲ ತಲೆಗೆ ನೀರು ಹಾಕಿಕೊಂಡರೂ ಹೋಗದ ಬೂದು ಪುಡಿ. ಅದರಿಂದ ನಲವತ್ತರ ಮನುಷ್ಯ ಅರವತ್ತರವರ ಹಾಗೆ ಕಾಣುತ್ತಿದ್ದರು. ಶಹಾಬಾದಿನಲ್ಲಿ ನಮ್ಮ ಗೋಡೆಗೆ ಹೊಂದಿದ ಮನೆ ಅವರದು. ಹಗಲು ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಸ್ವಂತ ಮಶೀನು, ಸಂಜೆ ಗಿಟಾರು. ವಾಡಿಯಿಂದ ಇಬ್ಬರು, ಸೇಡಂನಿಂದ ಒಬ್ಬರು ಗೆಳೆಯರು ಬಂದು ಕೂಡುತ್ತಿದ್ದರು. ಆಲ್ಟರ್ನೇಟಿವ್ ರಾಕ್ ಬ್ಯಾಂಡ್ ಎಂದು ಹೇಳಿಕೊಳ್ಳುತ್ತಿದ್ದರು. ನಾನು ಅವರಿಗೆ ಅಣ್ಣಾ ಅನ್ನುತ್ತಿದ್ದೆ, ಅವರು ನನಗೆ ಅಕ್ಕಾ. ಯಾರು ದೊಡ್ಡವರೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಹಿತ್ತಲ ಕೋಣೆಯೇ ಸ್ಟುಡಿಯೋ. ಸದ್ದು ಅಡಗಲೆಂದು ಗೋಡೆಗೆಲ್ಲ ಹಳೆ ಬಟ್ಟೆಯ ದಪ್ಪ ಕೌದಿ ಹೊಡೆದಿದ್ದರು. ಅವುಗಳಲ್ಲಿ ಎರಡು ನಮ್ಮ ಅತ್ತೆ ಹೊಲಿದವು.

"ಹಾಸಾಕ ಇಲ್ಲದ ಕೌದಿ ಗ್ವಾಡಿಗಿ ಹೊಚ್ಯಾರ. ಗ್ವಾಡಿಗಿ ಥಂಡಿ ಹತ್ಯಾದಂತ," ಎಂದು ಅವರ ಹೆಂಡತಿ ಬಾಗಿಲಲ್ಲಿ ನಿಂತು ಚುಚ್ಚುತ್ತಿದ್ದರು.

ಮಶೀನಿನ ಚೀರಾಟದಲ್ಲಿ ವರ್ಷಗಟ್ಟಲೆ ನಿಂತು ಅವರ ಕಿವಿ ಹೋಗುತ್ತಿತ್ತು. ಸಣ್ಣ, ಚೂಪು ದನಿಗಳು ಮೊದಲು ಹೋದವು. ಗುಡಿಯ ನಗಾರಿ ಕೇಳುತ್ತಿತ್ತು, ಭಜನೆಯ ತಾಳ ಕೇಳುತ್ತಿರಲಿಲ್ಲ. ಇದು ಅವರ ಹೆಂಡತಿಗೆ ಮತ್ತು ನನಗೆ ಮಾತ್ರ ಗೊತ್ತು. ಗೆಳೆಯರಿಗೆ ಗೊತ್ತಾದರೆ ಆಲ್ಬಮ್ಮಿನ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆಂಬ ಹೆದರಿಕೆ. ಉಳಿದಷ್ಟು ಕಿವಿಯಲ್ಲಿ ಒಂದು ಆಲ್ಬಮ್ ಮುಗಿಸಬೇಕು, ಅಷ್ಟೇ ಅವರ ಹಟ.

ಎಂಟು ಹಾಡು ರೆಕಾರ್ಡ್ ಆದವು. ಗಿಟಾರು ಎಷ್ಟು, ಡ್ರಮ್ಮು ಎಷ್ಟು, ದನಿ ಎಷ್ಟು ಎಂದು ಹದ ಮಾಡಲು ಅವರೊಬ್ಬರೇ ಕೂತರು. ಗೆಳೆಯರು ಅವರ ಮೇಲೆಯೇ ಬಿಟ್ಟಿದ್ದರು. ಒಂದು ಸೋಮವಾರ ನಾನು ಭಜನೆ ಮುಗಿಸಿ ಬರುವಾಗ ಕರೆದರು.

"ಅಕ್ಕಾ, ಭಜನಿಯೊಳಗ ಯಾರು ತಪ್ಪಿದ್ರೂ ನಿಮಗ ಗೊತ್ತಾಗ್ತದ. ಇದನ್ನ ಕೇಳಿ ಖರೇ ಹೇಳ್ರಿ."

ಕೇಳಿದೆ. ಕಾಗಿಣಾ ಹೊಳೆಯ ಮೇಲೆ, ಕಲ್ಲಿನ ಗಣಿಯ ಮೇಲೆ ಕಟ್ಟಿದ ಪದಗಳು ಒಳ್ಳೆಯವೇ. ಆದರೆ ಡ್ರಮ್ಮಿನ ಹಿತ್ತಾಳೆ ತಾಟಿನ ಸದ್ದು ಹಲ್ಲಿನೊಳಗೆ ಇಳಿಯಿತು. ತಮಗೆ ಕೇಳದ ದನಿಯನ್ನು ಕೇಳುವ ತನಕ ಏರಿಸಿಬಿಟ್ಟಿದ್ದರು. ನನಗೆ ಅಲ್ಲೇ ತಿಳಿಯಿತು. ಆದರೆ ಅಂದು ಉಪವಾಸ, ಬೆಳಗಿನಿಂದ ನಿಂತ ಕಾಲು, ಎದುರಿಗೆ ಆಸೆಯಿಂದ ನೋಡುವ ಆ ಮುಖ.

"ಛಲೋ ಅದರಿ ಅಣ್ಣಾ," ಎಂದು ಎದ್ದುಬಂದೆ.

ಆಲ್ಬಮ್ ಜನರ ಫೋನಿಗೆ ಬಂತು. ಸಂಗೀತದ ಬಗ್ಗೆ ಬರೆಯುವವರೊಬ್ಬರು ಪದಗಳನ್ನು ಹೊಗಳಿ, ಎರಡನೆಯ ಹಾಡಿಗೇ ತಲೆ ಸಿಡಿಯಿತೆಂದರು. ಊರವರೊಬ್ಬರು, "ಕಲ್ಲಿನ ಮಶೀನು ಮನೀಗಿ ತಂದಂಗ ಆಗ್ಯಾದ" ಎಂದು ಬರೆದಿದ್ದರು. ಗೆಳೆಯರು ಜಗಳಾಡಲಿಲ್ಲ, ಬರುವುದನ್ನು ನಿಲ್ಲಿಸಿದರು.

ಅವರು ನಮ್ಮ ಕಟ್ಟೆಗೆ ಬಂದು ಕೂತರು. "ಆವತ್ತೇ ನಿಮಗ ಗೊತ್ತಾಗಿತ್ತೇನ್ರಿ?"

"ಗೊತ್ತಾಗಿತ್ತರಿ. ನಿಮ್ಮ ಮಾರಿ ನೋಡಿ ಹೇಳಾಕ ಬಾಯಿ ಬರಲಿಲ್ಲ."

ಬೈಯುತ್ತಾರೆಂದು ಕಾದೆ. ಕಟ್ಟೆಯಿಂದ ಎದ್ದು, "ನಾಳಿಗಿ ಅಡಗಿ ಆದಮ್ಯಾಗ ಬರ್ರಿ. ಮತ್ತೊಮ್ಮೆ ಕುಂದ್ರಾಮು," ಎಂದರು.

ಎಷ್ಟೋ ಮಧ್ಯಾಹ್ನ ಕೂತೆವು. ದೇವರ ದಯೆ, ಕರೆಂಟು ಹೆಚ್ಚು ಸತಾಯಿಸಲಿಲ್ಲ. ಕಿವಿ ನೊಂದಲ್ಲಿ ನಾನು ಕೈ ಎತ್ತಬೇಕು, ಅವರು ಇಳಿಸಬೇಕು.

"ಇನ್ನೂ ಇಳಸ್ರಿ."

"ಎಷ್ಟರಿ ಅಕ್ಕಾ? ಇಳಿಸಿ ಇಳಿಸಿ ಡ್ರಮ್ಮಿನಾಂವ ವಾಡಿಗೇ ಹೋಗ್ತಾನ."

"ಹೋಗಲಿ ಬಿಡ್ರಿ. ಅಲ್ಲಿಂದ ಬಡೀಲಿ."

ಕೊನೆಯ ದಿನ ಹಳೆಯದನ್ನೂ ಹೊಸದನ್ನೂ ಒಂದರ ಹಿಂದೆ ಒಂದು ಹಚ್ಚಿದರು. ಕಣ್ಣು ಮುಚ್ಚಿ ಕೇಳಿ, "ನನಗ ಹೊಸಾದು ಸಪ್ಪಗ ಕೇಳಿಸ್ತದರಿ," ಎಂದರು.

"ಮತ್ತ ಹ್ಯಾಂಗ ಮಾಡ್ತೀರಿ?"

"ನೀವು ಹೂಂ ಅಂದ್ರಲ್ಲ. ಜನರಿಗೆ ಇದನ್ನ ಬಿಡ್ತೀನಿ."

ಬಿಟ್ಟರು. ಮೊದಲ ಸಲ ಕೇಳಿ ದೂರವಾದ ಜನರಲ್ಲಿ ಬಹಳ ಮಂದಿ ತಿರುಗಿ ಬರಲಿಲ್ಲ. ಸೇಡಂನ ಗೆಳೆಯ ಮಾತ್ರ ಬಂದು ಊಟ ಮಾಡಿ ಹೋದರು. ಯಾರೋ ಒಬ್ಬರು, ಎಂಟೂ ಹಾಡನ್ನು ನಿಲ್ಲಿಸದೆ ಕೇಳಿದೆ ಎಂದು ಬರೆದರು. ಅಷ್ಟನ್ನೇ ದೊಡ್ಡದೆಂದು ನಾನು ದೇವರಿಗೆ ಕೈ ಮುಗಿದೆ.

ಹೋದ ಆಷಾಢದಲ್ಲಿ ಎದೆನೋವೆಂದು ಮಲಗಿದ ಅಣ್ಣ ಏಳಲಿಲ್ಲ. ಅಷ್ಟರಲ್ಲಿ ಅವರಿಗೆ ಏನೂ ಕೇಳುತ್ತಿರಲಿಲ್ಲ. ಒಮ್ಮೆ ಸುಳ್ಳು ಹೇಳಿದ ಬಾಯಿಯನ್ನೇ ನಂಬಿ, ತಮ್ಮ ಕಿವಿಗೆ ಸಪ್ಪಗಾದ ಹಾಡುಗಳನ್ನು ಲೋಕಕ್ಕೆ ಕೊಟ್ಟರು. ಆ ಎರಡನೆಯ ಸಲ ನಾನು ಖರೇ ಹೇಳಿದ್ದೆ. ಅದನ್ನು ತಮ್ಮ ಕಿವಿಯಿಂದಲೇ ತಿಳಿದುಕೊಳ್ಳುವ ದಾರಿ ಮಾತ್ರ ಅವರಿಗೆ ಇರಲಿಲ್ಲ.