ಇಬ್ಬರಿಗೂ ಬಲಗಡೆಯ ಹೂವು

ನನ್ನ ಮಗಳು ಪದ್ಮಜಾಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಮನೆಯಲ್ಲಿ ಹಬ್ಬ ಆಗಬೇಕಿತ್ತು. ಗಣಿತದಲ್ಲಿ ಶಾಲೆಗೇ ಮೊದಲು ಬಂದಿದ್ದಳು. ನಾನು "ಛಲೋ ಆತು" ಅಂದೆ. ಅವಳು "ಹೂಂ" ಅಂದು ಅನ್ನಕ್ಕಿಡಲು ಒಳಗೆ ಹೋದಳು. ಅಷ್ಟಕ್ಕೇ ಮುಗಿಯಿತು. ಸಿಹಿ ತರಬೇಕು, ನಾಲ್ಕು ಜನರಿಗೆ ಹೇಳಬೇಕು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅದೆಲ್ಲ ಅವಳ ಅಮ್ಮನ ಖಾತೆ. ಅವಳು ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಹೋಗುವಾಗ ಮನೆಯ ಮಾತನ್ನೂ ತನ್ನ ಜೊತೆಗೇ ಕರೆದುಕೊಂಡು ಹೋಗಿದ್ದಳು.

ನಾನು ಕಂಪ್ಲಿಯಲ್ಲಿ ಹೈಸ್ಕೂಲು ಗಣಿತದ ಮಾಸ್ತರ. ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನಮ್ಮ ಕಟ್ಟೆಯ ಮೇಲೆ ತಂದೆ ತಾಯಂದಿರ ಸಾಲು. "ಸರ, ನಮ್ಮ ಹುಡುಗನ್ನ ಯಾವುದಕ್ಕ ಹಾಕೋಣ್ರಿ?" ಸೈನ್ಸೋ, ಕಾಮರ್ಸೋ, ಆರ್ಟ್ಸೋ ಎಂಬುದನ್ನು ನಾನು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ತೀರ್ಮಾನಿಸಿಬಿಡುತ್ತಿದ್ದೆ. "ಸೈನ್ಸ್ ಅಂದ್ರ ಬಳ್ಳಾರಿ. ಹಾಸ್ಟೆಲ್‌ನಾಗ ಬಿಡ್ರಿ. ಕಾಮರ್ಸ್ ಆದ್ರ ಇಲ್ಲೇ ಊರಾಗ ಆಗ್ತದ." ಇದು ನನ್ನ ಮಂತ್ರ. ಬಳ್ಳಾರಿಗೆ ದಿನಾ ಓಡಾಡುವ ಮಾತೇ ಇರಲಿಲ್ಲ. ಅದು ಗಣಿ ಜೋರಾಗಿದ್ದ ಕಾಲ. ಕುಡತಿನಿ ಹತ್ತಿರ ಅದಿರಿನ ಲಾರಿಗಳ ಸಾಲಿಗೆ ಸಿಕ್ಕಿಕೊಂಡ ಬಸ್ಸು ಯಾವಾಗ ಬಿಡಿಸಿಕೊಂಡು ಬರುತ್ತದೆಂದು ಡ್ರೈವರಿಗೂ ಗೊತ್ತಿರುತ್ತಿರಲಿಲ್ಲ. ಬಿಳಿ ಅಂಗಿ ತೊಟ್ಟು ಹೋದವರು ಕೆಂಪು ಅಂಗಿಯಲ್ಲಿ ವಾಪಸಾಗುತ್ತಿದ್ದರು.

ಊರ ಮಕ್ಕಳಿಗೆಲ್ಲ ದಾರಿ ತೋರಿಸಿದ ಬಾಯಿ ನನ್ನ ಮಗಳ ಎದುರು ಮಾತ್ರ ಕಟ್ಟಿಹೋಯಿತು. ಅವಳ ತಲೆ ಸೈನ್ಸಿನದೇ, ಅದರಲ್ಲಿ ಎರಡು ಮಾತಿಲ್ಲ. ನಾನು ತೆಗೆದ ಪ್ರಶ್ನೆಪತ್ರಿಕೆಯಲ್ಲೇ ತಪ್ಪು ಹುಡುಕಿ, ಏನೂ ಹೇಳದೆ ಪೆನ್ಸಿಲಿನಲ್ಲಿ ಗೆರೆ ಎಳೆದು ಇಟ್ಟುಬಿಡುವಂಥ ಹುಡುಗಿ. ಆದರೆ ಅವಳು ಬಳ್ಳಾರಿಗೆ ಹೋದರೆ ಸಂಜೆ ಬಂದು ಬೀಗ ತೆಗೆಯುವವನು ನಾನೇ, ದೀಪ ಹಚ್ಚುವವನೂ ನಾನೇ. ನಮ್ಮಿಬ್ಬರ ನಡುವೆ ಮಾತಿಲ್ಲದಿದ್ದರೂ ಒಳಗೆ ಪಾತ್ರೆಯ ಸದ್ದಾದರೂ ಕೇಳುತ್ತಿತ್ತು. ಅದೂ ಇಲ್ಲದ ಮನೆಯನ್ನು ನೆನೆಯಲೂ ನನಗೆ ಆಗುತ್ತಿರಲಿಲ್ಲ. ಅವಳನ್ನು ಕೂರಿಸಿಕೊಂಡು ಕೇಳೋಣವೆಂದರೆ, ಬಾಯಿ ತೆರೆದ ಕೂಡಲೇ 'ಹೋಗಬ್ಯಾಡ' ಅಂದುಬಿಡುತ್ತೇನೇನೋ ಎಂಬ ಹೆದರಿಕೆ.

ಆ ನಡುವೆ ನನ್ನ ಹಳೆಯ ಶಿಷ್ಯನೊಬ್ಬ ಹೊಸ ಜೀಪಿನಲ್ಲಿ ಬಂದ. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು, ಈಗ ಹೊಸಪೇಟೆಯಲ್ಲಿ ಅದಿರಿನ ಆಫೀಸು ಇಟ್ಟಿದ್ದ. "ಸರ, ಪದ್ಮಜಾನ್ನ ಕಾಮರ್ಸ್ ಓದಿಸ್ರಿ. ನಮ್ಮ ಆಫೀಸ್‌ನಾಗ ಅಕೌಂಟ್ಸ್‌ಗೆ ಕೂಡಿಸ್ತೀನಿ. ಮಸ್ತ್ ಪಗಾರ" ಅಂದ. ಚಹಾ ತಂದ ಪದ್ಮಜಾ ಅಲ್ಲೇ ನಿಂತು ಕೇಳಿಸಿಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಚಹಾ ಕುಡಿಸಿ ಕಳಿಸಿದೆ.

ಆ ಶನಿವಾರ ಬೆಳಿಗ್ಗೆ ಹೊಳೆಯಲ್ಲಿ ಮಿಂದು ಹನುಮಪ್ಪನ ಗುಡಿಗೆ ಹೋದೆ. ಹೆಂಡತಿ ಹೋದ ಮೇಲೆ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅವನ ಜೊತೆ ಮಾತ್ರ. ನಮ್ಮ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವ ಪದ್ಧತಿ ಉಂಟು. ಅರ್ಚಕರಾದ ಗೋಪಾಲಾಚಾರ್ರು ನೀರಲ್ಲಿ ಅದ್ದಿದ ಹೂವನ್ನು ಸ್ವಾಮಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಬಾಯಿ ಬಿಟ್ಟು ಹೇಳಿದರೆ ಪ್ರಸಾದ ಕೆಡುತ್ತದೆ ಎಂಬ ನಂಬಿಕೆ. ಬಲಗಡೆಯ ಹೂವು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ.

'ಪದ್ಮಜಾ ಸೈನ್ಸ್ ಓದಲೇನಪ್ಪಾ?' ಎಂದು ಕೇಳಿಕೊಂಡೆ. ನಾನು ಕಣ್ಣು ತೆರೆಯುವಷ್ಟರಲ್ಲಿ ಬಲಗಡೆಯ ಹೂವು ಜಾರಿ ಸ್ವಾಮಿಯ ಪಾದದ ಹತ್ತಿರ ಬಿದ್ದಿತ್ತು. ಬಲಗಡೆಯ ಪ್ರಸಾದವಾದರೆ ಜನ ಗಲ್ಲ ಗಲ್ಲ ಬಡಿದುಕೊಂಡು ಆನಂದಪಡುತ್ತಾರೆ. ನನಗೆ ಅಳು ಬಂತು. ಎಡಗಡೆಯದು ಬೀಳಲಿ ಎಂದು ನನ್ನ ಮನಸ್ಸು ಒಳಗೊಳಗೇ ಆಸೆಪಟ್ಟಿತ್ತು ಎಂದು ಆಗಲೇ ನನಗೆ ತಿಳಿದದ್ದು.

ಮನೆಗೆ ಬಂದು, ಧ್ವನಿ ಗಟ್ಟಿ ಮಾಡಿಕೊಂಡು ಹೇಳಿದೆ: "ಸೋಮವಾರ ಬಳ್ಳಾರಿಗೆ ಹೋಗೋಣು. ಅರ್ಜಿಗೆ ಅದೇ ಕೊನೇ ದಿನ. ನೀ ಸೈನ್ಸ್ ತಗೋಬೇಕು."

"ನಾ ಇಲ್ಲೇ ಕಾಮರ್ಸ್ ಸೇರ್ತೀನಿ" ಅಂದಳು.

"ಯಾಕ? ಅವನ ಜೀಪು ನೋಡಿ ತಲಿ ತಿರುಗೇತೇನು? ಹನುಮಪ್ಪ ನನಗ ಬಲಗಡೆ ಕೊಟ್ಟಾನ!"

ಅವಳು ದೇವರ ಗೂಡಿನಿಂದ ಒಂದು ಬಾಡಿದ ಹೂವನ್ನು ತಂದು ತೋರಿಸಿದಳು. "ನನಗೂ ಬಲಗಡೆನ ಕೊಟ್ಟಾನಪ್ಪ. ಮೊನ್ನೆ ಗುರುವಾರ ಹೋಗಿದ್ದೆ."

ಆ ದಿನ ಇಬ್ಬರೂ ಊಟ ಮಾಡಲಿಲ್ಲ. ಇದನ್ನು ಓದುತ್ತಿರುವ ಭಕ್ತರೇ, ನನ್ನ ಹೆಂಡತಿ ಹೋದಾಗಲೂ ನಾನು ಅಷ್ಟು ಒಂಟಿಯಾಗಿರಲಿಲ್ಲ. ಆಗ ಹನುಮಪ್ಪನಾದರೂ ಇದ್ದ. ಈಗ ಅಪ್ಪನಿಗೂ ಹೌದು, ಮಗಳಿಗೂ ಹೌದು ಅನ್ನುವ ದೇವರನ್ನು ಏನೆಂದು ನಂಬಲಿ? ಇಷ್ಟು ದಿನ ಬರೀ ಕಲ್ಲಿನ ಹತ್ತಿರ ನನ್ನ ಕಷ್ಟ ಸುಖ ತೋಡಿಕೊಂಡೆನೇ ಎಂದು ಹೊಟ್ಟೆ ಉರಿಯಿತು. ಭಾನುವಾರ ಸಂಧ್ಯಾವಂದನೆಗೂ ಕೂರಲಿಲ್ಲ. ಕೋಣೆಯ ಆಚೆ ಅವಳು ಮೂಗು ಏರಿಸುವ ಸದ್ದು ಕೇಳುತ್ತಿತ್ತು. ಎದ್ದು ಹೋಗಿ ತಲೆ ಮುಟ್ಟುವುದಕ್ಕೂ ನನಗೆ ಕೈ ಬರಲಿಲ್ಲ.

ಸಂಜೆ ಹೊತ್ತಿಗೆ ತಡೆಯಲಾರದೆ ಗುಡಿಗೆ ಹೋಗಿ ಆಚಾರ್ರ ಮೇಲೆ ಹರಿಹಾಯ್ದೆ. "ಎಂಥಾ ಪ್ರಸಾದರೀ ಇದು? ಇಬ್ಬರಿಗೂ ಹೂಂ ಅಂತಾನ ನಿಮ್ಮ ದೇವ್ರು!"

ಅವರು ನಂದಾದೀಪಕ್ಕೆ ಎಣ್ಣೆ ಹಾಕುತ್ತಾ ನಕ್ಕರು. "ಇಷ್ಟು ದಿನ ನಿಮ್ಮ ಬಾಯಾಗ 'ನಮ್ಮ ದೇವ್ರು' ಇದ್ದಾವ, ಇವತ್ತು 'ನಿಮ್ಮ ದೇವ್ರು' ಆದನೇನ್ರಿ ಮಾಸ್ತರ? ಅಪ್ಪ ಒಂದು ದಿನ ಬರ್ತೀರಿ, ಮಗಳು ಒಂದು ದಿನ ಬರ್ತಾಳ. ಒಳಗ ಏನು ಕೇಳಿದ್ರಿ ಅಂತ ನನಗೇನು ಗೊತ್ತು? ಹೋಗ್ರಿ, ಕರಕೊಂಡು ಬರ್ರಿ. ಇಬ್ಬರೂ ಕೂಡಿ, ಬಾಯಿ ಬಿಟ್ಟು, ಒಂದ ಪ್ರಶ್ನೆ ಕೇಳ್ರಿ."

"ಬಾಯಿ ಬಿಟ್ರ ಕೆಡ್ತದಲ್ರಿ?"

"ಕೆಟ್ರ ನನ್ನ ತಲಿ ಮ್ಯಾಲೆ ಇರ್ಲಿ."

ಪದ್ಮಜಾ ಕರೆದ ತಕ್ಷಣ ಬಂದಳು. ದಾರಿಯುದ್ದಕ್ಕೂ ನನ್ನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಡೆದಳು. ಆಚಾರ್ರು ಹೊಸ ಹೂವು ಏರಿಸಿ "ಹೂಂ, ಕೇಳ್ರಿ" ಅಂದರು. ನಾನು "ಸ್ವಾಮಿ, ಇಕಿ ಸೈನ್ಸ್ ತಗೊಂಡು ಬಳ್ಳಾರಿಗೆ..." ಅನ್ನುವಷ್ಟರಲ್ಲಿ ಅವಳು "ನಾ ಕೇಳಿದ್ದು ಅದಲ್ಲ" ಅಂದಳು. "ಮತ್ತ? ಕಾಮರ್ಸ್ ಕೇಳಿದ್ಯಲ್ಲ?" "ಅದೂ ಅಲ್ಲ."

ಆಚಾರ್ರು ತಂಬಿಗೆ ಎತ್ತಿಕೊಂಡರು. "ಮೊದಲು ಏನು ಕೇಳಬೇಕು ಅನ್ನೋದನ್ನ ಇಬ್ಬರೂ ಬಗಿಹರಿಸ್ಕೋರಿ. ನಾ ಬಾವಿಗೆ ಹೋಗಿ ಬರ್ತೀನಿ" ಎಂದು ಹೊರಟುಹೋದರು.

ಗುಡಿಯಲ್ಲಿ ಉಳಿದವರು ಹನುಮಪ್ಪ, ಅವನ ಮುಂದೆ ನಾವಿಬ್ಬರು. ನಾನು ಕಂಬಕ್ಕೆ ಒರಗಿ ಕೂತು, "ಮತ್ತ ಏನು ಕೇಳಿದ್ಯಮ್ಮಾ?" ಅಂದೆ.

ಅವಳು ಸೆರಗಿನಂತೆ ಹೊದ್ದಿದ್ದ ದುಪ್ಪಟ್ಟಾದ ತುದಿ ಸುತ್ತುತ್ತಾ ಹೇಳಿದಳು. "ಅಪ್ಪ ಒಬ್ಬರ ಆಗ್ತಾರ, ನಾ ಅವರ ಕೂಡನ ಇರ್ಲೇನು ಅಂತ ಕೇಳಿದೆ. ಸೈನ್ಸ್ ಅಂದ್ರ ಬಳ್ಳಾರಿ, ಇಲ್ಲಿರಬೇಕಂದ್ರ ಕಾಮರ್ಸ್ ಅಂತ ನೀವ ಎಲ್ಲಾರಿಗೂ ಹೇಳ್ತೀರಲ್ಲ. ಅದಕ್ಕ ಕಾಮರ್ಸ್ ಅಂದೆ. ನನಗೇನು ಅದರ ಮ್ಯಾಲೆ ಆಸೆ ಇಲ್ಲ. ಅಮ್ಮ ಹೋದ ಮ್ಯಾಲೆ ನೀವು ರಾತ್ರಿ ಅಂಗಳದಾಗ ಅಡ್ಡಾಡೋದು ನನಗ ಕೇಳಿಸ್ತದಪ್ಪ."

ನಾನು ಮುಖ ಮುಚ್ಚಿಕೊಂಡೆ. ಅಳು ತಾನಾಗಿ ಬಂತು. ಅವಳೂ ಅತ್ತಳು. ಎರಡು ವರ್ಷ ಒಂದೇ ಗೋಡೆಯ ಆಚೆ ಈಚೆ ಕೂತು ಅತ್ತವರು ಮೊದಲ ಸಲ ಒಂದೇ ಜಾಗದಲ್ಲಿ ಕೂತು ಅತ್ತೆವು. ಅತ್ತು ಮುಗಿದ ಮೇಲೆ ನನ್ನ ಮಾಸ್ತರಿಕೆಯ ತಲೆ ಓಡಿತು. ನಾನು ಕೇಳಿದ್ದು ಅವಳು ಸೈನ್ಸ್ ಓದಲೇ ಎಂದು. ಬಳ್ಳಾರಿಯ ಹೆಸರನ್ನೇ ಎತ್ತಿರಲಿಲ್ಲ. ಅವಳು ಕೇಳಿದ್ದು ಅಪ್ಪನ ಜೊತೆ ಇರಲೇ ಎಂದು. ಕಾಮರ್ಸಿನ ಮಾತೇ ಅದರಲ್ಲಿರಲಿಲ್ಲ. ಹನುಮಪ್ಪ ಎರಡಕ್ಕೂ ಹೌದು ಅಂದಿದ್ದ, ಎರಡೂ ಒಟ್ಟಿಗೆ ಆಗುವ ಮಾತೇ ಆಗಿತ್ತು. ಬಳ್ಳಾರಿ ಎಂಬ ಬೇಲಿ ಹಾಕಿದವನು ನಾನು.

"ಸೈನ್ಸ್ ಹೊಸಪೇಟಿ ಕಾಲೇಜಿನಾಗೂ ಐತಿ. ಅಲ್ಲಿಗೆ ದಿನಾ ಹೋಗಿ ಬರ್ತೀಯೇನು?" ಅಂದೆ. "ಕಮಲಾಪುರದ ಮ್ಯಾಲೆ ಹೋಗೋ ಬಸ್ಸು. ಆ ಕಡೆ ಲಾರಿ ಕಾಟ ಅಷ್ಟಿಲ್ಲ."

"ಬೆಳಿಗ್ಗೆ ಜಲ್ದಿ ಏಳಬೇಕಾಗ್ತದ" ಅಂದಳು.

"ನಾ ಎಬ್ಬಸ್ತೀನಿ. ಅವಲಕ್ಕಿ ನಾನ ಮಾಡ್ತೀನಿ."

"ನೀವು ಮಾಡಿದ್ದು ತಿಂದ್ರ ಕಮಲಾಪುರದಾಗ ಇಳೀಬೇಕಾಗ್ತದ" ಎಂದು ನಕ್ಕಳು. ನನ್ನ ಮನೆಯವಳು ಹೋದ ಮೇಲೆ ನಾನು ಕೇಳಿದ ಮಗಳ ಮೊದಲ ನಗು ಅದು. ಆಚಾರ್ರು ತುಂಬಿದ ತಂಬಿಗೆ ಹಿಡಿದು ಬಂದು "ಏನ್ರಿ, ಏನು ಕೇಳ್ತೀರಿ?" ಎಂದಾಗ ಇಬ್ಬರೂ ಒಟ್ಟಿಗೇ "ಏನೂ ಇಲ್ರಿ" ಅಂದೆವು. ಅವರು ಮಂಗಳಾರತಿ ಎತ್ತಿದರು.

ಎರಡು ವರ್ಷ ಅವಳು ಹೊಸಪೇಟೆಗೆ ಓಡಾಡಿದಳು. ಬಸ್ಸು ತಡವಾದ ಸಂಜೆಗಳಲ್ಲಿ ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತು, ಬರುವ ಪ್ರತಿ ಬಸ್ಸಿನ ಕಿಟಕಿಗಳನ್ನೂ ನೋಡುತ್ತಿದ್ದೆ. ಇಳಿದ ಕೂಡಲೇ ಲ್ಯಾಬಿನ ಕತೆ, ಲೆಕ್ಚರರ ಕತೆ, ಕಮಲಾಪುರದಲ್ಲಿ ಹತ್ತಿ ಹಂಪಿಯ ದಾರಿ ಕೇಳಿದ ಫಾರಿನ್ನಿನವರ ಕತೆ. ಮನೆ ಬಂದರೂ ಮುಗಿಯುತ್ತಿರಲಿಲ್ಲ.

ಆಮೇಲೆ ಬಳ್ಳಾರಿಯಲ್ಲೇ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಈ ಸಲ ಹಾಸ್ಟೆಲ್ ತಪ್ಪಲಿಲ್ಲ. ಟ್ರಂಕು ಬಸ್ಸಿನ ಮೇಲೆ ಏರಿಸಿದ ಮೇಲೆ ಅವಳು ಕಿಟಕಿಯಿಂದ ಕೇಳಿದಳು. "ಒಬ್ಬರ ಇರ್ತೀರೇನಪ್ಪ?" ಮೊದಲಾಗಿದ್ದರೆ 'ನನಗೇನಾಗ್ತದ, ನೀ ಹೋಗು' ಎಂದು ಮುಖ ತಿರುಗಿಸುತ್ತಿದ್ದೆ. "ಭಾಳ ಬ್ಯಾಸರಾಗ್ತದಮ್ಮ" ಅಂದೆ. "ಆದ್ರೂ ಹೋಗಿ ಬಾ. ರಾತ್ರಿ ಫೋನ್ ಮಾಡು."

ಆ ರಾತ್ರಿ ಫೋನು ಬಂತು. ಇವತ್ತಿಗೂ ಬರುತ್ತದೆ. ಮನೆ ಖಾಲಿ ಇದೆ, ಸಂಜೆ ದೀಪ ಹಚ್ಚುವವನು ನಾನೇ, ಒಂಟಿತನ ಓಡಿಹೋಯಿತು ಎಂದು ಸ್ವಾಮಿಯ ಹೆಸರಿನಲ್ಲಿ ಸುಳ್ಳು ಬರೆಯಲಾರೆ. ಆದರೆ ನನಗೆ ಬೇಸರ ಎಂದು ನನ್ನ ಮಗಳಿಗೆ ಗೊತ್ತಿದೆ, ಅವಳಿಗೆ ಬೇಸರವಾದರೆ ನನಗೆ ಗೊತ್ತಾಗುತ್ತದೆ. ಇಷ್ಟನ್ನು ಕೊಟ್ಟ ಹನುಮಪ್ಪನ ಪಾದಕ್ಕೆ ಈ ಮಾಸ್ತರನ ದೀರ್ಘದಂಡ ನಮಸ್ಕಾರ.