ನಮ್ಮ ಭಾವನ ಅಲೆಪೆಟ್ಟಿಗೆ

ಹುಣಸೂರಿನ ಪೇಟೆಬೀದಿಯಲ್ಲಿ ನನ್ನ ಕಾಫಿ ಹೋಟೆಲಿನ ಎದುರುಗಡೆ ಒಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ಅದರ ಮಾಲೀಕ ಕಂಠಪ್ಪ, ನಮ್ಮಕ್ಕ ನೀಲಾಂಬಿಕೆಯ ಗಂಡ, ಅಂದರೆ ನನಗೆ ಭಾವ. ಸಂಬಂಧಿಕರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಅನ್ನುತ್ತಾರೆ. ಒಳ್ಳೆಯದೇನಾದರೂ ಸಿಕ್ಕಿದರೆ ಖಂಡಿತ ಹೇಳುತ್ತೇನೆ, ಅಲ್ಲಿಯವರೆಗೆ ಮಿಕ್ಕಿದ್ದನ್ನು ಕೇಳಿ.

ಯುದ್ಧದ ಕಾಲದಲ್ಲಿ ಭಾವ ಬೆಂಗಳೂರಿನ ಒಂದು ಮಿಲಿಟರಿ ವರ್ಕ್‌ಶಾಪಿನಲ್ಲಿ, ಹಗಲೂ ರಾತ್ರಿ ಅರಚುವ ಜನರೇಟರುಗಳ ಪಕ್ಕದಲ್ಲಿ ಕೂತು, ವೈರ್‌ಲೆಸ್ ಸೆಟ್ಟುಗಳಿಗೆ ಬೆಸುಗೆ ಹಾಕುತ್ತಿದ್ದ. ಕೆಲಸ ಬಿಟ್ಟು ಊರಿಗೆ ಬಂದವನು ದೊಡ್ಡ ಮನುಷ್ಯನಾಗಿಯೇ ಬಂದ. ಹಿಂದಿನಿಂದ ಎಷ್ಟು ಕೂಗಿದರೂ ತಿರುಗುತ್ತಿರಲಿಲ್ಲ. ಒಂದು ಮಾತು ಕೇಳಿದರೆ ಬೇರೆ ಯಾವುದಕ್ಕೋ ಉತ್ತರ ಕೊಟ್ಟು ಗಂಭೀರವಾಗಿ ಕೂರುತ್ತಿದ್ದ. ನೋಡಿದಿರಾ ಕೊಬ್ಬು, ಎಂದು ನನ್ನ ಹೋಟೆಲಿನಲ್ಲಿ ಕಾಫಿ ಕುಡಿಯುವವರೆಲ್ಲ ಮಾತಾಡಿಕೊಳ್ಳುತ್ತಿದ್ದರು, ನಾನೂ ತಲೆದೂಗುತ್ತಿದ್ದೆ.

ಇರುವ ಕೊಬ್ಬು ಸಾಲದು ಎಂಬಂತೆ ಐವತ್ನಾಲ್ಕನೇ ಇಸವಿಯಲ್ಲಿ ಮಿಲಿಟರಿಯವರ ಹಳೇ ಸಾಮಾನಿನ ಹರಾಜಿಗೆ ಹೋಗಿ ಒಂದು ಯಂತ್ರ ತಂದ. ಕಬ್ಬಿಣದ ಟ್ರಂಕಿನಷ್ಟು ದೊಡ್ಡದು. ಎದುರಿಗೆ ತಿರುಗಣೆಗಳು, ಕೆಂಪು ದೀಪ, ನಡುವೆ ಗಾಜಿನ ಹಿಂದೆ ಒಂದು ಮುಳ್ಳು. ಇಂಗ್ಲಿಷಿನಲ್ಲಿ ವೇವ್ ಅನಲೈಜರ್, ನಮ್ಮ ಬೀದಿಯಲ್ಲಿ ಅಲೆಪೆಟ್ಟಿಗೆ. ರೇಡಿಯೊದಿಂದಲೋ ಮೈಕ್‌ಸೆಟ್ಟಿನಿಂದಲೋ ಹೊರಡುವ ವಿದ್ಯುತ್ತಿನಲ್ಲಿ ನೂರಾರು ಅಲೆಗಳು ಕಲಸಿಕೊಂಡಿರುತ್ತವಂತೆ. ತಿರುಗಣೆ ತಿರುಗಿಸಿದರೆ ಈ ಪೆಟ್ಟಿಗೆ, ಬೆರೆತ ಕಾಳಿನಲ್ಲಿ ಹುರುಳಿಯೊಂದನ್ನೇ ಆರಿಸಿದ ಹಾಗೆ, ಬೇಕಾದ ಒಂದೇ ಅಲೆಯನ್ನು ಹಿಡಿದು ಅದರ ಎತ್ತರ ಎಷ್ಟು ಎಂದು ಮುಳ್ಳಿನಲ್ಲಿ ತೋರಿಸುತ್ತದೆ. ಒಳ್ಳೆಯ ಯಂತ್ರವೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅವತ್ತಿನಿಂದ ಭಾವ ಯಾವ ರೇಡಿಯೊಕ್ಕೂ ಕಿವಿ ಕೊಡಲಿಲ್ಲ. ಗಿರಾಕಿ ಬಂದು ಸಾರ್, ಗುಂಯ್ ಅಂತದೆ ಅಂದರೆ, ಅದನ್ನು ಹೇಳುವುದಕ್ಕೆ ನೀನು ಯಾರು ಎಂಬಂತೆ ನೋಡುತ್ತಿದ್ದ. ಯಾರೇನು ಕೇಳಿದರೂ ಒಂದೇ ಮಾತು:

“ಕಿವಿ ಸುಳ್ಳು ಯೋಳ್ತದೆ ಕಣ್ಲಾ. ಮುಳ್ಳು ಯೋಳಕಿಲ್ಲ.”

ಅಳೆಯುವುದೋ ಒಂದು ವ್ರತ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಪೆಟ್ಟಿಗೆಯ ಸ್ವಿಚ್ಚು ಹಾಕಿ ಅರ್ಧ ಗಂಟೆ ಬಿಸಿಯಾಗಲು ಬಿಡುತ್ತಿದ್ದ. ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸುತ್ತಿದ್ದ. ಅಲ್ಲಿಗೆ ಮುಗಿಯಿತೇ? ಇಲ್ಲ. ಸಿದ್ಧವಾದ ಯಂತ್ರಕ್ಕೆ ಪೂಜೆಯಾಗಬೇಡವೇ? ಪೆಟ್ಟಿಗೆಯ ಹಣೆಗೂ ವಿಭೂತಿ ಎಳೆದು, ಹೂವಿಟ್ಟು, ಊದುಬತ್ತಿ ಬೆಳಗಿ, ಕೊನೆಗೆ ಮುಳ್ಳಿನ ಗಾಜನ್ನು ರೇಷ್ಮೆ ಶಲ್ಯದಿಂದ ಗಸಗಸ ಉಜ್ಜಿ ಫಳಫಳ ಮಾಡುತ್ತಿದ್ದ. ಆ ಶಲ್ಯ ಮದುವೆಯಲ್ಲಿ ನಮ್ಮಪ್ಪ ಅವನ ಹೆಗಲಿಗೆ ಹೊದಿಸಿದ್ದು. ಮಾವ ಕೊಟ್ಟದ್ದಕ್ಕೆ ಎಂಥ ಮರ್ಯಾದೆ ನೋಡಿ. ಇಷ್ಟೆಲ್ಲ ಆದಮೇಲೆ ಅಳತೆ.

ಮಳೆಗಾಲದಲ್ಲಿ ಮುಳ್ಳು ಸುಮ್ಮನಿರುತ್ತಿತ್ತು. ಹವೆ ಒಣಗಿದ ಕೂಡಲೇ ತಾಲ್ಲೂಕಿನ ರೇಡಿಯೊಗಳಿಗೆಲ್ಲ ರೋಗ ಬರುತ್ತಿತ್ತು. ಕಟ್ಟೆಮಳಲವಾಡಿಯವರ ಪಂಚಾಯ್ತಿ ರೇಡಿಯೊವನ್ನು ಇಡೀ ಬೇಸಿಗೆ ಅಂಗಡಿಯಲ್ಲೇ ಇಟ್ಟುಕೊಂಡು ಬಿಚ್ಚುವುದು, ಕಟ್ಟುವುದು, ಅಳೆಯುವುದು ಮಾಡಿದ. ಅವರು ಬಂದು ಚೆನ್ನಾಗೇ ಹಾಡುತ್ತಲ್ಲ ಸ್ವಾಮಿ ಅಂತ ಅಂಗಲಾಚಿದರೆ, ಮುಳ್ಳು ಒಪ್ಪುತ್ತಿಲ್ಲ ಎಂದು ಬರಿಗೈಯಲ್ಲಿ ಕಳಿಸಿದ. ಮಳೆ ಬಿದ್ದಮೇಲೆ ಮುಳ್ಳು ಒಪ್ಪಿತು. ತನ್ನ ಕೈಗುಣ ಎಂದು ಬೀಗಿದ.

ಇದೆಲ್ಲ ಬರೀ ರೇಡಿಯೊ ತಂಟೆಯಾಗಿದ್ದರೆ ನಗಾಡಿಕೊಂಡು ಇದ್ದುಬಿಡಬಹುದಿತ್ತು. ಮುಳ್ಳು ಮನೆಯೊಳಗೂ ನುಗ್ಗಿತು.

ಅಕ್ಕನಿಗೆ ಒಬ್ಬಳೇ ಮಗಳು, ಮಂಗಳಗೌರಿ. ಕೆ.ಆರ್. ನಗರದ ಚಿಕ್ಕಬಸಪ್ಪ ಎಂಬುವವರು ಮದುವೆ ಸಮಾರಂಭಗಳಿಗೆ ಮೈಕ್‌ಸೆಟ್ಟು ಕೊಡುತ್ತಿದ್ದರು. ಅವರ ಮಗ ಚನ್ನಬಸವಣ್ಣ ದನಿ ದೊಡ್ಡದು ಮಾಡುವ ಆಂಪ್ಲಿಫೈಯರನ್ನು ತಾನೇ ಕಟ್ಟುವಷ್ಟು ಕಲಿತಿದ್ದ. ನಮ್ಮ ಕಡೆಯ ಒಂದು ಮದುವೆಗೆ ಮೈಕು ಹಾಕಲು ಬಂದಿದ್ದಾಗ ಗೌರಿ ಅವನನ್ನು ನೋಡಿದ್ದಳು, ಅವನೂ ನೋಡಿದ್ದ. ಅವರ ಮನೆಯಿಂದಲೇ ಕೇಳಿಕೊಂಡು ಬಂದರು. ಮಾಡಿಕೊಂಡರೆ ಅವನನ್ನೇ ಎಂದು ಹುಡುಗಿ ಅಮ್ಮನ ಹತ್ತಿರ ಬಾಯಿಬಿಟ್ಟು ಹೇಳಿದಳು. ಇಬ್ಬರದೂ ಒಂದೇ ಜಾತಿ, ಒಂದೇ ಕಸುಬು, ಇನ್ನೇನು ಬೇಕು ಅಂತ ನಾವು.

ಭಾವನಿಗೆ ಬೇಕಿತ್ತು. ಹುಡುಗ ಕಟ್ಟಿದ ಆಂಪ್ಲಿಫೈಯರ್ ತರಲಿ, ಅದರ ಗುಂಯ್ ಎಷ್ಟಿದೆ ಅಳೆಯುತ್ತೇನೆ, ಆಮೇಲೆ ಮಾತು ಅಂದ. ಜನ ಜಾತಕ ನೋಡುತ್ತಾರೆ, ಇವನು ಹಾರ್ನು ನೋಡುತ್ತಾನೆ ಅಂತ ನಾನು ರೇಗಿದೆ. ಅವನ ಕಿವಿಗೆ ಹೋಗಲೇ ಇಲ್ಲ.

ಐವತ್ತಾರರ ಮಾಘಮಾಸ. ತುಟಿ ಒಡೆಯುವಷ್ಟು ಒಣ ಹವೆ. ಅಪ್ಪ ಮಗ ಆಂಪ್ಲಿಫೈಯರನ್ನೂ ದನಿ ಹೊರಡುವ ಹಾರ್ನನ್ನೂ ಬಸ್ಸಿನ ಮೇಲೆ ಹೇರಿಕೊಂಡು ಅಂಗಡಿಗೆ ಬಂದರು. ಪಾಪ, ಹುಡುಗ ಅದಕ್ಕೆ ಹೊಸ ಬಣ್ಣ ಬೇರೆ ಹೊಡೆದಿದ್ದ. ಬೀಗರಾಗುವವರ ಎದುರು ಭಾವನ ಭಕ್ತಿ ಉಕ್ಕಿ ಹರಿಯಿತು. ಗಾಜು ಉಜ್ಜಿದ್ದೇ ಉಜ್ಜಿದ್ದು. ಹುಡುಗ ಹಾರ್ನಿನ ತಂತಿಯನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದ. ಆಮೇಲೆ ಭಾವ ಆಂಪ್ಲಿಫೈಯರಿನಿಂದ ಇನ್ನೊಂದು ತಂತಿಯನ್ನು ಪೆಟ್ಟಿಗೆಗೆ ಸೇರಿಸಿ, ಗುಂಯ್ ಅಲೆಗೆ ತಿರುಗಿಸಿ ನೋಡಿದ. ಮುಳ್ಳು ಎದ್ದು ನಿಂತಿತ್ತು. ಅಂಗಡಿಯ ಹಿಂದಿನ ಮನೆಬಾಗಿಲ ಮರೆಯಲ್ಲಿ, ಅಕ್ಕನ ಪಕ್ಕ, ಗೌರಿ ಸೆರಗಿನ ತುದಿಯನ್ನು ಕಚ್ಚಿಕೊಂಡು ನಿಂತಿದ್ದಳು. ಭಾವ ಆ ಕಡೆ ತಿರುಗಿಯೂ ನೋಡಲಿಲ್ಲ.

“ಗುಂಯ್ ಜಾಸ್ತಿ ಅದೆ. ಈ ಸಂಬಂಧ ಆಗಕಿಲ್ಲ, ಬುಡಿ.”

ಚಿಕ್ಕಬಸಪ್ಪನವರು ಕೆಂಪಗಾದರು. ನಡಿ, ಎಲ್ಲ ಕಟ್ಟು ಎಂದು ಮಗನಿಗೆ ಹೇಳಿ ಎದ್ದರು. ಹುಡುಗ ಪೆಟ್ಟಿಗೆಗೆ ಹಾಕಿದ್ದ ತಂತಿ ಬಿಚ್ಚಿದ, ಹಾರ್ನಿನ ತಂತಿಯನ್ನೂ ಬಿಚ್ಚಿ ಅಂಗೈಗೆ ಸುತ್ತತೊಡಗಿದ. ಸುತ್ತುತ್ತಾ ಗಾಜಿನ ಕಡೆ ನೋಡಿದವನು ಹಾಗೇ ನಿಂತ. ತಂತಿ ಬಿಚ್ಚಿದೀನಿ, ಮುಳ್ಳು ಇಳಿದಿಲ್ಲ ಎಂದು ಭಾವನ ಬೆನ್ನ ಹಿಂದಿನಿಂದ ಮೆಲ್ಲಗೆ ಹೇಳಿದ. ಭಾವ ತಿರುಗಲಿಲ್ಲ. ನಾನು ಗಂಟಲು ಹರಿಯುವಂತೆ ಅದನ್ನೇ ಕೂಗಿದೆ. ಯಂತ್ರದೊಳಗೆ ಅಲೆ ಇನ್ನೂ ಉಳಿದಿರುತ್ತದೆ, ನಿನಗೇನು ಗೊತ್ತು ಕಾಫಿ ಕಾಯಿಸುವವನಿಗೆ ಅಂದ.

ಹೌದೇ? ಗೋಡೆಯ ಹತ್ತಿರ ಹೋಗಿ ಪೆಟ್ಟಿಗೆಯ ಪ್ಲಗ್ಗನ್ನೇ ಕಿತ್ತೆ. ಕೆಂಪು ದೀಪ ಆರಿತು. ಯಂತ್ರ ಸತ್ತಿತು. ಮುಳ್ಳು ಮಾತ್ರ ಅಲ್ಲೇ ನಿಂತು ಕೆ.ಆರ್. ನಗರದ ಗುಂಯ್ ಅಳೆಯುತ್ತಲೇ ಇತ್ತು.

ಭಾವ ಮೂಗು ತಾಗುವಷ್ಟು ಬಗ್ಗಿ ನೋಡಿದ. ಶಿವನೇ ಎಂದು ಉದ್ದನೆಯ ಉಸಿರು ಬಿಟ್ಟ. ಗಾಜಿನ ಮೇಲೆ ಉಸಿರಿನ ತೇವ ಮೂಡಿತು, ಮುಳ್ಳು ಮೆಲ್ಲಗೆ ಜಾರಿ ಸೊನ್ನೆಗೆ ಬಂದು ಕೂತಿತು. ಹುಡುಗ ಶಲ್ಯವನ್ನು ತೆಗೆದು ಗಾಜಿಗೆ ಮತ್ತೆ ಉಜ್ಜಿದ. ಮುಳ್ಳು ಎದ್ದಿತು. ಉಸಿರು ಊದಿದ. ಕೂತಿತು. ರೇಷ್ಮೆ ಉಜ್ಜಿದ ಗಾಜು ಚೂರುಪಾರು ಕಾಗದ ಎಳೆಯುವ ಹಾಗೆ ಮುಳ್ಳನ್ನೂ ಎಳೆಯುತ್ತದೆ ಎಂದು ತಲೆ ತಗ್ಗಿಸಿಕೊಂಡೇ ಹೇಳಿದ. ಅಂದರೆ ಎರಡು ಬೇಸಿಗೆ ನಮ್ಮ ಭಾವ ಅಳೆದದ್ದು ನಮ್ಮಪ್ಪ ಕೊಟ್ಟ ಶಲ್ಯವನ್ನು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿಯಾಗಿ ನಾನು ನಕ್ಕದ್ದು ಕಮ್ಮಿ.

ಚಿಕ್ಕಬಸಪ್ಪನವರು ನಗಲಿಲ್ಲ. ಮಗನ ಕೆಲಸಕ್ಕೆ ಬಿದ್ದ ಏಟು ಅವರಿಗೆ ಇನ್ನೂ ಉರಿಯುತ್ತಿತ್ತು. ಭಾವನ ಎದುರಿಗೇ ಬಂದು ನಿಂತು, ಮುಖಕ್ಕೆ ಮುಖ ಕೊಟ್ಟು ಹೇಳಿದರು.

“ಮುಳ್ಳಿನ ಕತೆ ಸಾಕು. ಭಗವಂತ ಕಿವಿ ಕೊಟ್ಟವ್ನೆ. ಹಾರ್ನಿಗೆ ಕಿವಿ ಮಡಗಿ ಕೇಳಿ ಯೋಳ್ರಿ, ಗುಂಯ್ ಅದಾ ಇಲ್ವಾ?”

ಭಾವ ಒಂದು ಸಲ ಪೆಟ್ಟಿಗೆಯನ್ನು ನೋಡಿದ, ಒಂದು ಸಲ ನಮ್ಮಕ್ಕನನ್ನು ನೋಡಿದ. ಆಮೇಲೆ ನೆಲಕ್ಕೆ ಮಂಡಿಯೂರಿ ಹಾರ್ನಿನ ಬಾಯಿಯೊಳಗೆ ಕಿವಿ ಇಟ್ಟ. ಆಂಪ್ಲಿಫೈಯರಿನ ದೀಪ ಉರಿಯುತ್ತಿತ್ತು. ಹಾರ್ನಿನ ತಂತಿ ಮಾತ್ರ ಹುಡುಗನ ಅಂಗೈಯಲ್ಲಿ ಸುತ್ತಿಕೊಂಡೇ ಇತ್ತು. ಭಾವ ಕಣ್ಣು ಮುಚ್ಚಿದ, ಹುಬ್ಬು ಗಂಟಿಕ್ಕಿದ, ಆ ಕಿವಿ ತೆಗೆದು ಈ ಕಿವಿ ಇಟ್ಟ. ನಾವೆಲ್ಲ ಆ ತಂತಿಯನ್ನೇ ನೋಡುತ್ತಾ ನಿಂತಿದ್ದೆವು.

“ಒಸಿ ಅದೆ,” ಅಂದ ಭಾವ.

ಹಿಂದಿನಿಂದ ಕರೆದರೆ ತಿರುಗದಿದ್ದದ್ದು, ಏನೋ ಕೇಳಿದರೆ ಇನ್ನೇನೋ ಹೇಳುತ್ತಿದ್ದದ್ದು, ವರ್ಕ್‌ಶಾಪಿನ ಆ ಅರಚುವ ಜನರೇಟರು, ಎಲ್ಲ ನನ್ನ ಮುಂದೆ ಸಾಲಾಗಿ ಬಂದು ನಿಂತವು. ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು. ಅವಳಿಗೆ ಗೊತ್ತಿತ್ತು. ಚಿಕ್ಕಬಸಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ ಹುಡುಗ ತಂತಿ ಹಿಡಿದ ಕೈಯನ್ನು ಬೆನ್ನ ಹಿಂದೆ ಸರಿಸಿ, ಭಾವನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ತುಟಿ ಚೆನ್ನಾಗಿ ಕಾಣುವ ಹಾಗೆ ನಿಧಾನವಾಗಿ ಹೇಳಿದ:

“ಊಂ ಮಾವ, ಒಸಿ ಅದೆ. ಸರಿ ಮಾಡ್ತೀನಿ.”