ನೋವು ಕೇಳಲು ಬರುತ್ತಿದ್ದ ಡಾಕ್ಟರು

ಮೊನ್ನೆ ಸೋಮವಾರ ನೈವೇದ್ಯದ ಪಾಯಸಕ್ಕೆಂದು ಏಲಕ್ಕಿ ಕುಟ್ಟುತ್ತಿದ್ದೆ. ಸಿಪ್ಪೆ ಬಿರಿದು ವಾಸನೆ ಎದ್ದದ್ದೇ ತಡ, ನನ್ನ ಕೈ ನಿಂತಿತು. ಗಂಗಾವತಿಯ ಆಸ್ಪತ್ರೆಯ ಆ ಡಾಕ್ಟರು ನೆನಪಾದರು. ಆಪರೇಷನ್ ಮಾಡಿದವರಲ್ಲ, ಮತ್ತಿನ ಇಂಜೆಕ್ಷನ್ ಕೊಡುವವರು. ಅವರ ಬಾಯಲ್ಲಿ ಯಾವಾಗಲೂ ಏಲಕ್ಕಿ ಇರುತ್ತಿತ್ತು. ಕೊರೊನಾದ ಭಯ ಪೂರ್ತಿ ಹೋಗಿರದ ಕಾಲ ಅದು. ವಾರ್ಡಿಗೆ ಬಂದರೂ ಮಾಸ್ಕ್ ತೆಗೆಯುತ್ತಿರಲಿಲ್ಲ. ಅದರೊಳಗಿಂದಲೇ ಆ ವಾಸನೆ ಬರುತ್ತಿತ್ತು...

ನನ್ನ ಗರ್ಭಕೋಶ ತೆಗೆಯಬೇಕಾಗಿತ್ತು. ನೋವಿಗೆ ಕೊಡುವ ಜೋರಿನ ಇಂಜೆಕ್ಷನ್ ಆಗ ಎಲ್ಲೂ ಸಿಗುತ್ತಿರಲಿಲ್ಲವಂತೆ. ಅವರೇ ಬಂದು, ಸ್ಟೂಲ್ ಎಳೆದುಕೊಂಡು ಕುಳಿತು, ಬಿಡಿಸಿ ಹೇಳಿದರು. ಉಳಿದಿರುವುದು ಸ್ವಲ್ಪವೇ. ಅದನ್ನು ಬೇರೆ ದಾರಿ ಇಲ್ಲದವರಿಗೆ ಇಟ್ಟುಕೊಳ್ಳಬೇಕು. ನನಗೆ ಬೆನ್ನಿಗೆ ಸೂಜಿ ಹಾಕಿ ಕೆಳಗೆಲ್ಲ ಮರಗಟ್ಟಿಸುತ್ತಾರೆ, ಆಮೇಲೆ ಸಲೈನಿನಲ್ಲಿ ಸಾದಾ ಔಷಧ ಕೊಡುತ್ತಾರೆ. ನೋವು ತಡೆಯಲಾಗದಿದ್ದರೆ ಹೇಳಲೇಬೇಕು.

ಪಕ್ಕದ ಮಂಚದಲ್ಲಿ ಕುಷ್ಟಗಿ ಕಡೆಯ ಒಬ್ಬ ಅಜ್ಜಿ ಇದ್ದಳು. ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ನನ್ನದಾದ ಮರುದಿನ ಆಕೆಯ ಆಪರೇಷನ್. ಆಕೆಯ ಕಿಡ್ನಿಗೆ ಎಲ್ಲ ಔಷಧ ಆಗಿಬರುವುದಿಲ್ಲ, ಜೋರಿನದೇ ಬೇಕು ಎಂದು ಸಿಸ್ಟರುಗಳು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಜ್ಜಿಯ ಪಾಲು ಉಳಿಯುತ್ತದೆ ಎಂದುಕೊಂಡೆ. ಇಟಗಿಯ ಮಹಾದೇವನಿಗೆ ಹರಕೆಯಂತೆ ಈ ನೋವನ್ನು ಒಪ್ಪಿಸಿಬಿಡೋಣ ಅನ್ನಿಸಿತು.

ಆಪರೇಷನ್ ಮುಗಿದು, ಬೆನ್ನಿಗೆ ಹಾಕಿದ ಸೂಜಿಯ ಮತ್ತು ಇಳಿಯುತ್ತ ಬಂದಂತೆ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ಡಾಕ್ಟರು ಬಂದು ನೋವು ಹೇಗಿದೆ ಎಂದಾಗಲೆಲ್ಲ ಆರಾಮ ಇದ್ದೇನೆ ಎಂದೆ. ಶಿವನಾಮ ಹೇಳಿಕೊಂಡೆ. ಅದೂ ಅರ್ಧಕ್ಕೇ ನಿಲ್ಲುತ್ತಿತ್ತು... ಕೊನೆಗೆ ಬಾಯಿ ಬಿಟ್ಟವಳು ಅಜ್ಜಿ.

"ಡಾಕ್ಟರಪ್ಪಾ, ಈಕಿ ಮಾತ ನಂಬಬ್ಯಾಡ. ಹಾಸಿಗಿ ಹ್ಯಾಂಗ ಹಿಂಡಾಕತ್ತಾಳ ನೋಡು, ಹಳ್ಳದಾಗ ಅರಿವಿ ಹಿಂಡಿದಂಗ."

ಅವರು ನನ್ನ ಮುಷ್ಟಿ ನೋಡಿದರು. ಯಾಕೆ ಮುಚ್ಚಿಟ್ಟಿರಿ ಎಂದು ಮೆಲ್ಲಗೆ ಕೇಳಿದರು. ದೇವರನ್ನೂ ಸೇರಿಸಿ ಕಾರಣ ಹೇಳಿದೆ.

"ಅಕ್ಕಾರ, ಅಜ್ಜಿದು ಅಜ್ಜಿಗೆ ತೆಗೆದಿಟ್ಟೀನ್ರಿ. ನಿಮಗ ಬ್ಯಾರೆ ಹಾದಿ ಐತಿ. ಆದ್ರ ನೀವು ಹೇಳದಿದ್ರ ನನಗ ಹ್ಯಾಂಗ ಗೊತ್ತಾಗಬೇಕು? ಔಷಧ ಕಮ್ಮಿ ಇದ್ದಾಗನ ನೋವು ಖರೇ ಹೇಳಬೇಕ್ರಿ."

ಹೊಟ್ಟೆಯ ಎರಡೂ ಬದಿಗೆ ಮರಗಟ್ಟಿಸುವ ಸೂಜಿ ಹಾಕಿದರು. ಸ್ವಲ್ಪ ಹೊತ್ತಿಗೆ ಹಾಸಿಗೆ ಹಿಡಿದಿದ್ದ ಬೆರಳು ತಾವೇ ಸಡಿಲಾದವು. ಅಜ್ಜಿಯ ಪಾಲು ಮೊದಲೇ ಬೇರೆ ಇತ್ತು; ನಾನು ಹಲ್ಲು ಕಚ್ಚಿ ಮಲಗಿದ್ದರಿಂದ ಯಾರಿಗೂ ಏನೂ ಉಳಿತಾಯವಾಗಿರಲಿಲ್ಲ. ಮರುದಿನ ಆಪರೇಷನ್ ಮುಗಿಸಿ ಬಂದ ಅಜ್ಜಿ ಸಂಜೆಗೆ ಗೊರಕೆ ಹೊಡೆಯತೊಡಗಿದಳು. ಆ ಗೊರಕೆ ಕೇಳುತ್ತ ಮಲಗಿದಲ್ಲೇ ಮಹಾದೇವನಿಗೆ ಕೈ ಮುಗಿದೆ.

ಈಚೆಗೆ ಮೊಣಕಾಲು ತೋರಿಸಲು ಅದೇ ಆಸ್ಪತ್ರೆಗೆ ಹೋಗಿದ್ದೆ. ಗೋಡೆಯ ಮೇಲೊಂದು ಹಾರ ಹಾಕಿದ ಫೋಟೋ. ಯಾರೋ ಅಂದುಕೊಂಡು ದಾಟಿದವಳು ಹಿಂತಿರುಗಿ ನೋಡಿದೆ. ಆ ಮೂಗು, ಆ ಮೀಸೆ ನಾನು ಕಂಡವೇ ಅಲ್ಲ. ಮಾಸ್ಕಿನ ಮೇಲೆ ಕಂಡಿದ್ದ ಕಣ್ಣು ಮಾತ್ರ ಆ ಡಾಕ್ಟರವೇ... ನನ್ನ ನೋವನ್ನು ಅಷ್ಟು ಸಲ ಬಂದು ಕೇಳಿದವರ ಪೂರ್ತಿ ಮುಖ ನನಗೆ ಸಿಕ್ಕಿದ್ದು ಹಾರದ ಹಿಂದೆ.

ಪಾಯಸ ಇಳಿಸಿ ತಿರುಗುವಾಗ ಮೊಣಕಾಲು ಹಿಡಿಯಿತು. ಸೊಸೆ ಓಡಿಬಂದು, "ನೋಯಾಕತ್ತೈತೇನ್ರಿ ಅತ್ತಿ?" ಎಂದಳು. ಏನಿಲ್ಲ ಎನ್ನಲು ಬಾಯಿ ತೆರೆದೆ. ಬೆರಳಲ್ಲಿ ಏಲಕ್ಕಿ ಇನ್ನೂ ಘಮಘಮಿಸುತ್ತಿತ್ತು.

"ಹೂಂನವ್ವಾ," ಎಂದೆ, "ಭಾಳ ನೋಯಾಕತ್ತೈತಿ."